ಹದಿನೆಂಟು ಕೆಜಿ ಆಂಪ್‌ನಿಂದ ಮೂರು ಕೆಜಿ ಆಂಪ್‌ಗೆ, ನನ್ನ ಸೊಂಟದ ಸಮೇತ

ಎರಡು ವರ್ಷದ ಹಿಂದೆ ಆಯುಧ ಪೂಜೆ ದಿನ ಬೆಳಗ್ಗೆ ಏಳೂವರೆಗೆ ನಾನು ಟಿವಿ ಸ್ಟ್ಯಾಂಡ್ ಮುಂದೆ ಅಂಗಾತ ಬಿದ್ದಿದ್ದೆ, ಪಕ್ಕದಲ್ಲಿ ಆಂಪ್ಲಿಫೈಯರ್ ಅರ್ಧ ಒಳಗೆ ಅರ್ಧ ಹೊರಗೆ. ಪೂಜೆಗೆ ಮುಂಚೆ ಧೂಳು ಒರೆಸಿ ಕುಂಕುಮ ಇಡೋಣ ಅಂತ ಅದನ್ನ ಕೆಳಗಿನ ತಟ್ಟಿಂದ ಈಚೆ ಎಳೆದೆ, ಹಿಂದೆ ವೈರು ಸಿಕ್ಕಾಕೊಂಡಿತ್ತು, ಒಂದು ಕೈಲಿ ಪೆಟ್ಟಿಗೆ ಎತ್ತಿ ಹಿಡ್ಕೊಂಡು ಇನ್ನೊಂದು ಕೈನ ಹಿಂದಕ್ಕೆ ತೂರಿಸಿ ಎಡಕ್ಕೆ ತಿರುಗಿದೆ ನೋಡಿ, ಸೊಂಟದಲ್ಲಿ ಟಕ್ ಅಂತು, ಎಡಗಾಲಲ್ಲಿ ಹಿಮ್ಮಡಿವರೆಗೂ ಕರೆಂಟ್ ಹೊಡೆದಂಗಾಯ್ತು. ಅಡುಗೆಮನೆಯಿಂದ ನಮ್ಮನೆಯವಳು "ರೀ, ಬೂದುಗುಂಬಳಕಾಯಿ ಎಲ್ಲಿಟ್ರಿ?" ಅಂತ ಕೂಗ್ತಾ ಇದಾಳೆ, ನಂಗೆ ಉತ್ತರ ಕೊಡೋಕೂ ಉಸಿರಿಲ್ಲ. ಮಲಗಿದ್ದಲ್ಲಿಂದ ಆಂಪಿನ ತಳ ಕಾಣ್ತಿತ್ತು, ಅಲ್ಲೊಂದು ಸ್ಟಿಕ್ಕರು, ಅದರಲ್ಲಿ ತೂಕ ಬರೆದಿತ್ತು, 18 ಕೆಜಿ ಚಿಲ್ಲರೆ. ಹನ್ನೊಂದು ವರ್ಷ ಮನೇಲಿಟ್ಕೊಂಡಿದ್ದೀನಿ, ಅವತ್ತೇ ಮೊದಲು ಓದಿದ್ದು.

ಆಮೇಲಿಂದು ಸೊಂಟ ಹಿಡ್ಕೊಂಡಿರೋ ಎಲ್ರಿಗೂ ಗೊತ್ತಿರೋ ಕಥೆನೇ. ಮೊದಲ ಎರಡು ದಿನ ಎಣ್ಣೆ, ಬಿಸಿನೀರು. ನಮ್ಮ ಬೀದೀಲಿ ಒಬ್ಬರು ಅಜ್ಜಿ ಇದಾರೆ, ಕಾಲು ಮುಂದಾಗಿ ಹುಟ್ಟಿದೋರಂತೆ, ಅಂಥೋರು ಒದ್ರೆ ಉಳುಕು ಹೋಗತ್ತೆ ಅಂತಾರಲ್ಲ, ಅವರ ಹತ್ರ ಹೋಗಿ ಮೂರು ಸಲ ಒದೆಸ್ಕೊಂಡೂ ಬಂದೆ, ಅಜ್ಜಿ ಪಾಪ ಬಹಳ ಮರ್ಯಾದೆಯಿಂದ ಒದ್ದರು, ಏನೂ ಆಗ್ಲಿಲ್ಲ. ಎಂಆರ್‌ಐ ಮಾಡಿಸಿದಾಗ ಎಲ್4-ಎಲ್5, ಅಂದ್ರೆ ಸೊಂಟದ ನಾಕನೇ ಐದನೇ ಮೂಳೆ ಮಧ್ಯದ ಡಿಸ್ಕು ಉಬ್ಬಿ ನರಕ್ಕೆ ಒತ್ತುತಿದೆ ಅಂತ ಬಂತು. ಆಪರೇಷನ್ ಬೇಡ, ವ್ಯಾಯಾಮ ಸಾಕು ಅಂದ್ರು ಡಾಕ್ಟ್ರು. ಫಿಸಿಯೋಥೆರಪಿಯ ಹುಡುಗಿ ಮಾತ್ರ ಸ್ಟ್ರಿಕ್ಟು: "ಅಂಕಲ್, ಐದು ಕೆಜಿ ಮೇಲೆ ಏನೂ ಎತ್ತಂಗಿಲ್ಲ, ಇಪ್ಪತ್ತು ಲೀಟರ್ ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು ಹತ್ರಾನೇ ಹೋಗ್ಬೇಡಿ, ಬಗ್ಗಿ ತಿರುಗೋದಂತೂ ಕನಸಲ್ಲೂ ಬೇಡ, ಅರ್ಧ ಗಂಟೆಗಿಂತ ಜಾಸ್ತಿ ಒಂದೇ ಕಡೆ ಕೂರ್ಬೇಡಿ."

ಸರಿ, ಆಂಪ್‌ನ ಎತ್ತದೇ ಇದ್ರಾಯ್ತಲ್ಲ ಅಂತೀರ. ಆದ್ರೆ ನನ್ನ ಆಂಪಿಗೆ ವಯಸ್ಸಾಗಿತ್ತು. ಎಡಗಡೆ ಚಾನೆಲ್ಲು ಆಗಾಗ ಸತ್ತೋಗೋದು, ವಾಲ್ಯೂಮ್ ಜೋರು ಮಾಡಿದ್ರೆ ಪಟ್ ಅಂತ ವಾಪಸ್ ಬರೋದು. ಒಳಗೆ ಸ್ಪೀಕರ್ ರಿಲೇ (ಸ್ಪೀಕರಿಗೆ ಕರೆಂಟ್ ಬಿಡೋ ಸ್ವಿಚ್ಚು) ಕಾಂಟ್ಯಾಕ್ಟು ಕಪ್ಪಾದ್ರೆ ಹಿಂಗಾಗತ್ತೆ. ಅದಕ್ಕೆ ನಾಕೈದು ತಿಂಗಳಿಗೊಂದ್ಸಲ ಬಿಚ್ಚಬೇಕು, ಇಲ್ಲಾ ರಿಪೇರಿಗೆ ಒಯ್ಯಬೇಕು, ನಮ್ಮದು ಮೊದಲನೇ ಮಹಡಿ, ಲಿಫ್ಟಿಲ್ಲ. ಪ್ರತಿ ಸಲ ಪಕ್ಕದ್ಮನೆ ಹುಡುಗನ್ನ ಕರೆಯೋಕೆ ನಾಚಿಕೆ. ಹಂಗಾಗಿ ಹಗುರದ್ದು ಹುಡುಕೋಕೆ ಶುರು ಮಾಡಿದೆ, ಆದ್ರೆ ಒಂದು ಹಠ, ಪವರಲ್ಲಿ ಕಮ್ಮಿ ಆಗಬಾರದು. ನನ್ನ ಸ್ಪೀಕರು ನೆಲದ ಮೇಲೆ ನಿಲ್ಲೋ ಟವರು, 4 ಓಮು, ಸೆನ್ಸಿಟಿವಿಟಿ 86 ಡೆಸಿಬೆಲ್, ಅಂದ್ರೆ ಆಂಪಿಂದ ಸ್ವಲ್ಪ ಊಟ ಜಾಸ್ತಿ ಕೇಳೋ ಜಾತಿ. ಕೇಳೋದು ಹೆಚ್ಚಾಗಿ ಧಾರವಾಡ ಬೆಳಗಾವಿ ಕಡೆಯೋರನ್ನ, ಮನ್ಸೂರರು, ಭೀಮಸೇನ ಜೋಶಿ, ಕುಮಾರ ಗಂಧರ್ವ, ಜೊತೆಗೆ ಯಕ್ಷಗಾನದ ರೆಕಾರ್ಡಿಂಗು. ಈ ಯಕ್ಷಗಾನ ಇದೆಯಲ್ಲ, ಅದೇ ಆಂಪಿಗೆ ನಿಜವಾದ ಪರೀಕ್ಷೆ, ಭಾಗವತರು ಮೆಲ್ಲಗೆ ಹಾಡ್ತಾ ಇರ್ತಾರೆ, ಇದ್ದಕ್ಕಿದ್ದಂಗೆ ಚಂಡೆ ಬೀಳತ್ತೆ, ಆ ಒಂದೇಟಿಗೆ ಆಂಪು ಬಗ್ಗಬಾರದು.

ಇಲ್ಲೊಂದು ನನ್ನ ಮೂಢನಂಬಿಕೆ ಒಪ್ಕೊಂಡುಬಿಡ್ತೀನಿ. ನಾನು ಆಂಪ್‌ನ ಯಾವಾಗ್ಲೂ ಎತ್ತಿ ನೋಡಿನೇ ಅಳೀತಿದ್ದೆ. ಭಾರ ಇದ್ರೆ ಒಳ್ಳೇದು, ಹಗುರ ಇದ್ರೆ ಡಬ್ಬ. ನಮ್ಮ ತಲೆಮಾರಿನವರಿಗೆ ಇದು ಬಂದಿದ್ದು ಪಿಎಂಪಿಓ (ಉಬ್ಬಿಸಿ ಬರೆಯೋ ವ್ಯಾಟು) ಕಾಲದಲ್ಲಿ, ತೊಂಬತ್ತರ ದಶಕದಲ್ಲಿ ಪ್ಲಾಸ್ಟಿಕ್ ಟೂ-ಇನ್-ಒನ್ ಮೇಲೆ ಸಾವಿರ ವ್ಯಾಟ್ ಅಂತ ಸ್ಟಿಕ್ಕರ್ ಅಂಟಿಸ್ತಿದ್ರು, ಎತ್ತಿದ್ರೆ ಖಾಲಿ ಬಕೆಟ್ ಥರ ಇರೋದು, ಹಾಕಿದ್ರೆ ಸೌಂಡೂ ಖಾಲಿ ಬಕೆಟ್ ಥರಾನೇ ಬರೋದು. ಹಂಗಾಗಿ ತೂಕ ಸುಳ್ಳು ಹೇಳಲ್ಲ ಅಂತ ತಲೇಲಿ ಕೂತುಬಿಟ್ಟಿತ್ತು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒಂದು ಅಂಗಡಿಗೆ ಹೋಗಿ "ಹಗುರ ಇರೋದು ತೋರಿಸಿ" ಅಂದಾಗ ಅಂಗಡಿಯವರೂ ಅದನ್ನೇ ಅಂದ್ರು, "ಸಾರ್, ಎತ್ತಿ ನೋಡಿ ಸಾರ್, ವೇಯ್ಟ್ ಇದ್ರೇನೇ ಸೌಂಡು". ಈ ಸಾರ್‌ಗೆ ಎತ್ತೋಕಾಗಲ್ಲ ಅಂತ ಹೇಳೋಕೆ ಮರ್ಯಾದೆ ಪ್ರಶ್ನೆ, ಸುಮ್ನೆ ಬನಾನಾ ಪ್ಲಗ್ಗು (ಸ್ಪೀಕರ್ ವೈರಿನ ತುದೀಗೆ ಹಾಕೋ ಪಿನ್ನು), ಹತ್ತು ಮೀಟರ್ ವೈರು ತಗೊಂಡು ವಾಪಸ್ ಬಂದೆ.

ಆ ನಂಬಿಕೆ ಬಿಡಿಸಿದ್ದು ಎಲಿಮಿನೇಟರ್, ಅಂದ್ರೆ ಸೆಲ್ ಬದಲು ಗೋಡೆ ಕರೆಂಟಲ್ಲಿ ಟೇಪ್ ರೆಕಾರ್ಡರ್ ನಡೆಸೋಕೆ ಹಾಕ್ತಿದ್ದ ಡಬ್ಬ. ಮಗಳ ಹಳೇ ಆಟದ ಸಾಮಾನು ಇರೋ ಪೆಟ್ಟಿಗೇಲಿ ನನ್ನ ಕಾಲೇಜಿನ ಟೇಪ್ ರೆಕಾರ್ಡರ್‌ದು ಸಿಕ್ತು, ಇಟ್ಟಿಗೆ ಥರ ಭಾರ, ಕೊಡ್ತಿದ್ದಿದ್ದು ನಾಕೈದು ವ್ಯಾಟು ಅಷ್ಟೇ. ಇನ್ನೊಂದು ಕೈಲಿ ಮೊಬೈಲ್ ಚಾರ್ಜರ್ ಹಿಡ್ಕೊಂಡೆ, ನಿಂಬೆಹಣ್ಣಿನಷ್ಟು ಇಲ್ಲ, ಅದು 33 ವ್ಯಾಟು. ಎರಡೂ ಗೋಡೆ ಕರೆಂಟನ್ನ ಇಳಿಸೋ ಕೆಲಸಾನೇ ಮಾಡೋದು. ವ್ಯತ್ಯಾಸ ಏನಂದ್ರೆ ಎಲಿಮಿನೇಟರಿನ ಟ್ರಾನ್ಸ್‌ಫಾರ್ಮರು ಸೆಕೆಂಡಿಗೆ 50 ಸಲ ಬರೋ ಕರೆಂಟನ್ನ ಹಂಗೇ ಹೊರತ್ತೆ, ಪ್ರತಿ ಸಲ ದೊಡ್ಡ ಗಂಟು, ಅದಕ್ಕೇ ಅಷ್ಟು ಕಬ್ಬಿಣ, ಅಷ್ಟು ತಾಮ್ರ ಬೇಕು. ಚಾರ್ಜರ್ ಒಳಗಿರೋ ಸ್ವಿಚಿಂಗ್ ಪವರ್ ಸಪ್ಲೈ, ಅಂದ್ರೆ ಎಸ್‌ಎಂಪಿಎಸ್ಸು ಅದೇ ಕರೆಂಟನ್ನ ಮೊದಲು ಡಿಸಿ ಮಾಡಿ, ಆಮೇಲೆ ಸೆಕೆಂಡಿಗೆ ಲಕ್ಷದ ಲೆಕ್ಕದಲ್ಲಿ ತುಂಡು ಮಾಡಿ ಪುಟ್ಟ ಫೆರೈಟ್ ಟ್ರಾನ್ಸ್‌ಫಾರ್ಮರ್ ಮೂಲಕ ದಾಟಿಸತ್ತೆ. ಬಾವಿಯಿಂದ ಹಂಡೆ ತುಂಬಿ ಸೊಂಟದ ಮೇಲಿಟ್ಕೊಂಡು ಬರೋದಕ್ಕೂ, ಚೊಂಬಲ್ಲಿ ನೂರು ಸಲ ಓಡಾಡಿ ಅದೇ ತೊಟ್ಟಿ ತುಂಬಿಸೋದಕ್ಕೂ ಇರೋ ವ್ಯತ್ಯಾಸ. ನೀರು ಅಷ್ಟೇ ಬರತ್ತೆ, ಸೊಂಟ ಉಳಿಯತ್ತೆ. ಅಂದ್ರೆ ನಾನು ಇಷ್ಟು ವರ್ಷ ಒಳ್ಳೇ ಸೌಂಡು ಅಂತ ಎತ್ತಿ ಎತ್ತಿ ಖುಷಿಪಟ್ಟಿದ್ದು 50 ಹರ್ಟ್ಸ್‌ನ ಭಾರವನ್ನ.

ಉಳಿದ ಭಾರ ಹೀಟ್ ಸಿಂಕ್‌ದು. ಎಬಿ ಕ್ಲಾಸ್ ಅನ್ನೋ ಹಳೇ ವಿನ್ಯಾಸದ ಆಂಪಲ್ಲಿ ಟ್ರಾನ್ಸಿಸ್ಟರ್ರು ನಲ್ಲಿ ಅರ್ಧ ತಿರುಗಿಸಿಟ್ಟಂಗೆ ಕೆಲಸ ಮಾಡತ್ತೆ, ಪೂರ್ತಿ ತೆಗೆದೂ ಇಲ್ಲ ಪೂರ್ತಿ ಮುಚ್ಚಿಯೂ ಇಲ್ಲ, ಆ ಮಧ್ಯದ ಸ್ಥಿತೀಲಿ ಒಂದಷ್ಟು ಕರೆಂಟು ಬರೀ ಶಾಖ ಆಗಿ ಹೋಗತ್ತೆ, ಆ ಶಾಖ ಬಿಡೋಕೆ ಅಲ್ಯುಮಿನಿಯಂ ರೆಕ್ಕೆ. ನಮ್ಮನೆ ಬೆಕ್ಕು ಚಳಿಗಾಲದಲ್ಲಿ ಅದರ ಮೇಲೇ ಮಲಗ್ತಿತ್ತು. ಡಿ ಕ್ಲಾಸ್ ಅನ್ನೋ ಇನ್ನೊಂದು ವಿನ್ಯಾಸದಲ್ಲಿ ನಲ್ಲಿ ಒಂದೋ ಪೂರ್ತಿ ಓಪನ್ ಇಲ್ಲಾ ಪೂರ್ತಿ ಬಂದ್, ಸೆಕೆಂಡಿಗೆ ಲಕ್ಷಗಟ್ಲೆ ಸಲ, ಎಷ್ಟು ಹೊತ್ತು ಓಪನ್ ಎಷ್ಟು ಹೊತ್ತು ಬಂದ್ ಅನ್ನೋದ್ರಲ್ಲೇ ಹಾಡು ಅಡಗಿರತ್ತೆ, ಕೊನೇಲಿ ಒಂದು ಕಾಯಿಲ್ಲು ಒಂದು ಕೆಪಾಸಿಟರ್ರು ಆ ಪಟಪಟ ಎಲ್ಲ ಸೋಸಿ ಹಾಡು ಮಾತ್ರ ಸ್ಪೀಕರಿಗೆ ಬಿಡತ್ತೆ. ಜೋರಾಗಿ ನಡೀವಾಗ 90 ಪರ್ಸೆಂಟ್ ಆಸುಪಾಸು ಎಫಿಶಿಯೆನ್ಸಿ. ಡಿ ಅಂದ್ರೆ ಡಿಜಿಟಲ್ ಅಂತ ಬಹಳ ಜನ ಅಂದ್ಕೊಂಡಿದಾರೆ, ನಾನೂ ಅಂದ್ಕೊಂಡಿದ್ದೆ, ಅಲ್ಲ, ಎ ಬಿ ಸಿ ಆದ್ಮೇಲೆ ಡಿ ಬಂತು, ಅಷ್ಟೇ. ಹೊಸದೂ ಅಲ್ಲ, 1964ರಲ್ಲೇ ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ ಎಕ್ಸ್-10 ಅಂತ ಕಿಟ್ ಮಾರಿತ್ತು, ಆಗಿನ ಟ್ರಾನ್ಸಿಸ್ಟರಿಗೆ ಆ ಸ್ಪೀಡು ಆಗಿಬರ್ತಿರಲಿಲ್ಲ.

ಈಗ ನಮ್ಮ ಬಾಮೈದನ ವಿಷಯ. ನಂಜನಗೂಡು ಕಡೆ ಫ್ಯಾಕ್ಟರಿ ಒಂದರಲ್ಲಿ ಸೇಫ್ಟಿ ಡಿಪಾರ್ಟ್‌ಮೆಂಟಲ್ಲಿದಾನೆ. ನನ್ನ ನೋಡೋಕೆ ಬಂದೋನು ಮೂಸಂಬಿ ಹಣ್ಣು ಕೊಟ್ಟು, ಸೀದಾ ಟೇಪ್ ಹಿಡ್ಕೊಂಡು ಟಿವಿ ಸ್ಟ್ಯಾಂಡ್ ಅಳೆಯೋಕೆ ಕೂತ. "ಭಾವ, ಹದಿನೆಂಟು ಕೆಜಿ ಅಂತ ಬೈಬೇಡಿ ಅದನ್ನ, ನೀವು ಎತ್ತಿದ ರೀತಿಗೆ ಎಂಟು ಕೆಜಿನೂ ಜಾಸ್ತಿನೇ." ಅವರ ಫ್ಯಾಕ್ಟರೀಲಿ ಕೆಲಸದ ಜಾಗದ ಸುರಕ್ಷತೆ ನೋಡೋ ಅಮೆರಿಕಾದ ನಿಯೋಶ್ ಸಂಸ್ಥೆಯ ಲೆಕ್ಕ ಬಳಸ್ತಾರಂತೆ. ಎಲ್ಲ ಸರಿಯಾಗಿದ್ರೆ, ಅಂದ್ರೆ ಸಾಮಾನು ಮೈಗೆ ಅಂಟ್ಕೊಂಡು, ಕೈ 75 ಸೆಂಟಿಮೀಟರ್ ಎತ್ತರದಲ್ಲಿದ್ರೆ, ಆರೋಗ್ಯವಂತರಿಗೆ ಮಿತಿ 23 ಕೆಜಿ. ಸಾಮಾನು 25 ಸೆಂಟಿಮೀಟರ್ ಬದಲು 50 ದೂರದಲ್ಲಿದ್ರೆ ಅದು ಅರ್ಧ, ಹನ್ನೊಂದೂವರೆ. ನೆಲದ ಮಟ್ಟದಿಂದ ಎತ್ತಿದ್ರೆ ಇನ್ನೂ ಕಡಿಮೆ, 8.9. ಅದರ ಮೇಲೆ 45 ಡಿಗ್ರಿ ತಿರುಗಿದ್ರೆ 7.6. ಮೊಬೈಲಲ್ಲಿ ಗುಣಿಸಿ ಗುಣಿಸಿ ತೋರಿಸ್ದ. ಡಿಸ್ಕ್ ಉಬ್ಬಿರೋ ಮನುಷ್ಯನಿಗೆ ಅದರ ಅರ್ಧ ಅಂತ ಹಿಡಿದ್ರೂ ಆಯ್ತು, ಹತ್ತಿರತ್ತಿರ ಫಿಸಿಯೋ ಹುಡುಗಿ ಹೇಳಿದ ಲೆಕ್ಕಕ್ಕೇ ಬಂತು.

ಅದರಿಂದ ನನ್ನ ಹುಡುಕಾಟದ ದಿಕ್ಕೇ ಬದಲಾಯ್ತು. ಅಲ್ಲಿವರೆಗೂ ನಾನು 18ರ ಬದಲು 10 ಕೆಜಿದು ತಗೊಂಡ್ರೆ ಸಾಕು ಅಂತಿದ್ದೆ. ಯಮಹಾ ಎ-ಎಸ್501 ಮೇಲೆ ಕಣ್ಣಿತ್ತು, 85 ವ್ಯಾಟು, 10.3 ಕೆಜಿ, ಒಳ್ಳೇ ಆಂಪು, ಸ್ನೇಹಿತರ ಮನೇಲಿ ಕೇಳಿದೀನಿ. ಮರಾಂಟ್ಜ್ ಪಿಎಂ6007 ಇನ್ನೂ ಕಮ್ಮಿ, 7.8 ಕೆಜಿ, ಆದ್ರೆ 45 ವ್ಯಾಟು. ಎರಡೂ ನನ್ನ ಐದು ಕೆಜಿ ಗೆರೆ ದಾಟ್ತಿದ್ವು, ಬಿಟ್ಟೆ. ಡಿ ಕ್ಲಾಸ್ ಅಂದ ತಕ್ಷಣ ಹಗುರ ಅಂತನೂ ಇಲ್ಲ ನೋಡಿ, ನ್ಯಾಡ್ ಸಿ 298 ಒಳಗೆ ಪ್ಯೂರಿಫೈ ಅನ್ನೋ ಕಂಪನಿಯ ಡಿ ಕ್ಲಾಸ್ ಮಾಡ್ಯೂಲೇ ಇರೋದು, ಆದ್ರೂ ಹನ್ನೊಂದು ಕೆಜಿ. ಹಂಗಾಗಿ ಕ್ಲಾಸ್ ನೋಡಿ ತಗೋಬೇಡಿ, ಸ್ಪೆಸಿಫಿಕೇಷನ್ ಹಾಳೆಯ ಕೊನೇ ಸಾಲಲ್ಲಿ ತೂಕ ಇರತ್ತೆ, ಅಲ್ಲಿಂದ ಓದೋಕೆ ಶುರು ಮಾಡಿ.

ಇನ್ನು ಪವರ್ ಎಷ್ಟು ಬೇಕು ಅನ್ನೋದು. ಇದನ್ನ ಊಹೆ ಮಾಡದೇ ಅಳತೆ ಮಾಡಿದ್ದು ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ. ಒಂದು ಭಾನುವಾರ ಮನೇಲಿ ನಾನು, ಬಾಮೈದ ಬಿಟ್ರೆ ಯಾರೂ ಇಲ್ಲದಾಗ ಹಳೇ ಆಂಪಲ್ಲಿ ಚಂಡೆ ಹಾಕಿ ನಾನು ಯಾವತ್ತಾದ್ರೂ ಕೇಳೋ ಅತಿ ಜೋರಿಗೆ ವಾಲ್ಯೂಮ್ ಇಟ್ಟೆ, ಡಿಸ್ಪ್ಲೇಲಿ ಮೈನಸ್ 12 ಅಂತ ಬಂತು. ಆಮೇಲೆ ಹಾಡು ನಿಲ್ಲಿಸಿ, ಆಂಪ್ ಆಫ್ ಮಾಡಿ, ಬಾಮೈದನ ಕೈಲಿ ಸ್ಪೀಕರ್ ವೈರು ಬಿಚ್ಚಿಸಿ, ಲ್ಯಾಪ್‌ಟಾಪಿಂದ 50 ಹರ್ಟ್ಸ್ ಸೈನ್ ಟೋನ್ (ಒಂದೇ ಸಮನಾದ ಗುಂಯ್ ಸದ್ದು) ಫುಲ್ ಲೆವೆಲ್ಲಲ್ಲಿ ಬಿಟ್ಟು, ಅದೇ ಮೈನಸ್ 12ಕ್ಕೆ ಮಲ್ಟಿಮೀಟರ್ ಇಟ್ಟು ಎಸಿ ವೋಲ್ಟು ನೋಡಿದ್ವಿ. ಯಾಕೆ 50 ಅಂದ್ರೆ ಆರುನೂರು ರೂಪಾಯಿ ಮೀಟರ್ರು ಗೋಡೆ ಕರೆಂಟಿನ ಫ್ರೀಕ್ವೆನ್ಸೀಲಿ ಮಾತ್ರ ನಿಜ ಹೇಳತ್ತೆ. 17.2 ವೋಲ್ಟ್ ಬಂತು. ಅದನ್ನ ಅದರಿಂದಲೇ ಗುಣಿಸಿ 4 ಓಮಿಂದ ಭಾಗಿಸಿದ್ರೆ 74 ವ್ಯಾಟು. ಅಷ್ಟೇ. ಅದು ನನ್ನ ಜೀವಮಾನದ ಗರಿಷ್ಠ. ದಿನಾ ರಾತ್ರಿ ಕೇಳೋದು ಮೈನಸ್ 27ರಲ್ಲಿ, ಅಂದ್ರೆ 15 ಡೆಸಿಬೆಲ್ ಕೆಳಗೆ, ಅದಕ್ಕೆ ಚಂಡೆ ಏಟು ಸೇರಿದ್ರೂ ಎರಡೂಕಾಲು ವ್ಯಾಟು. ಎರಡೂಕಾಲು ವ್ಯಾಟಿಗೆ ನಾನು ಡಿಸ್ಕ್ ಕಳ್ಕೊಂಡಿದ್ದು! (ಈ ಪರೀಕ್ಷೆ ಮಾಡೋರು ಸ್ಪೀಕರ್ ಬಿಚ್ಚದೇ ಮಾಡಿದ್ರೆ ಸ್ಪೀಕರ್ ಸುಟ್ಟೋಗತ್ತೆ, ವಾಲ್ವ್ ಆಂಪ್ ಇರೋರು ಮಾತ್ರ ಇದನ್ನ ಮಾಡಲೇಬೇಡಿ, ಅದಕ್ಕೆ ಸ್ಪೀಕರ್ ಇಲ್ಲದೇ ಸಿಗ್ನಲ್ ಕೊಡಂಗಿಲ್ಲ.)

ಮೊದಲು ತಂದಿದ್ದು ಆನ್‌ಲೈನಲ್ಲಿ, ಅಂಗೈಯಗಲದ ಚೀನಾ ಡಬ್ಬ, ಒಳಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3255 ಚಿಪ್ಪು, ಹನ್ನೆರಡು ಸಾವಿರ ಚಿಲ್ಲರೆ. ಪಾರ್ಸಲ್ ಬಿಚ್ಚಿದ್ರೆ ಡಬ್ಬಕ್ಕಿಂತ ಅದರ ಅಡಾಪ್ಟರೇ ಭಾರ. ಬಾಕ್ಸ್ ಮೇಲೆ 300+300 ವ್ಯಾಟ್ ಅಂತಿತ್ತು, ನಂಗೆ ಪಿಎಂಪಿಓ ದಿನಗಳು ನೆನಪಾಗಿ ನಗು ಬಂತು, ಯಾಕಂದ್ರೆ ಅಡಾಪ್ಟರ್ ಮೇಲೆ ಬರೆದಿರೋದು 48 ವೋಲ್ಟು 5 ಆಂಪಿಯರ್, ಗುಣಿಸಿದ್ರೆ ಒಟ್ಟು 240 ವ್ಯಾಟು, ಒಳಗೆ ಹೋಗೋದೇ 240 ಅಂದ್ಮೇಲೆ ಹೊರಗೆ 600 ಬರೋದು ಯಾವ ಲೆಕ್ಕ. ಚಿಪ್ಪಿನ ಡೇಟಾಶೀಟಲ್ಲೂ 4 ಓಮಿಗೆ 315 ಅಂತಿದೆ, ಆದ್ರೆ ಅದು 10 ಪರ್ಸೆಂಟ್ ಡಿಸ್ಟಾರ್ಷನ್ನಲ್ಲಿ, ಅಂದ್ರೆ ಜಾತ್ರೆ ಮೈಕಿನ ಥರ ಒಡೆದ ಧ್ವನೀಲಿ. ನಿಜಕ್ಕೂ ಒಂದೊಂದು ಕಡೆಗೆ ನೂರರ ಆಸುಪಾಸು ಅಂತ ಇಟ್ಕೊಳ್ಳಿ. ನಂಗೆ ಬೇಕಿದ್ದು 74. ಸುಳ್ಳು ಹೇಳಿದ್ರೂ ಸಾಕಾಗುವಷ್ಟು ನಿಜ ಇತ್ತು ಅದರಲ್ಲಿ.

ಹಚ್ಚಿದ ದಿನವೇ ಒಂದು ಯಡವಟ್ಟು ಮಾಡಿದೆ. ನನ್ನ ಹತ್ರ ಒಂದು ಹಳೇ ಸ್ಪೀಕರ್ ಸೆಲೆಕ್ಟರ್ ಬಾಕ್ಸಿತ್ತು, ಹಾಲಿನ ಜೋಡಿ, ರೂಮಿನ ಜೋಡಿ ಅಂತ ಬದಲಾಯಿಸೋದು. ಅದರ ಒಳಗೆ ಎಡ ಬಲ ಎರಡರ ಕಪ್ಪು ವೈರನ್ನ ಒಟ್ಟಿಗೆ ಸೇರಿಸಿರ್ತಾರೆ, ಹಳೇ ಆಂಪಿಗೆ ಅದು ನಡೀತಿತ್ತು ಯಾಕಂದ್ರೆ ಅಲ್ಲಿ ಕಪ್ಪು ಅಂದ್ರೆ ಗ್ರೌಂಡು. ಈ ಚಿಪ್ಪು ಬ್ರಿಡ್ಜ್ ಥರ ಕೆಲಸ ಮಾಡತ್ತೆ, ಕೆಂಪಲ್ಲೂ ಕರೆಂಟು, ಕಪ್ಪಲ್ಲೂ ಕರೆಂಟು. ಆನ್ ಮಾಡಿದೆ, ಟಿಕ್ ಅಂತು, ಲೈಟ್ ಆರ್ತು. ಹನ್ನೆರಡು ಸಾವಿರ ಹೊಗೆ ಆಯ್ತು ಅಂದ್ಕೊಂಡೆ, ಪುಣ್ಯಕ್ಕೆ ಪ್ರೊಟೆಕ್ಷನ್ ಕಾಪಾಡ್ತು. ಸೆಲೆಕ್ಟರ್ ತೆಗೆದು ನೇರ ಹಾಕಿದ್ಮೇಲೆ ಸರಿ ಹೋಯ್ತು. ಇನ್ನೊಂದು, ಗುಂಯ್ ಅನ್ನೋ ಹಮ್ಮು. ಮೂರು ದಿನ ಆಂಪನ್ನೇ ಬೈದೆ, ಆಮೇಲೆ ಗೊತ್ತಾಯ್ತು ಟಿವಿ ಸೆಟ್ ಟಾಪ್ ಬಾಕ್ಸಿಗೆ ಬರೋ ಕೇಬಲ್ ವೈರು ಕಿತ್ತರೆ ಹಮ್ಮು ಮಾಯ. ಕೇಬಲ್ಲಿನ ಅರ್ಥಿಂಗು, ಮನೆ ಅರ್ಥಿಂಗು ಎರಡು ಸೇರಿ ಸುತ್ತು ಹಾಕ್ತಿತ್ತು. ಟಿವಿಯಿಂದ ಆಪ್ಟಿಕಲ್ ವೈರಲ್ಲಿ ತಗೊಂಡೆ, ಅದು ಗಾಜಿನ ಥರ, ಬೆಳಕು ಮಾತ್ರ ದಾಟತ್ತೆ, ಕರೆಂಟ್ ದಾಟಲ್ಲ, ಮುಗೀತು.

ಆರು ತಿಂಗಳು ಆರಾಮಾಗಿ ಕೇಳಿದೆ. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದ್ರೆ ಹಳೇದು ಟ್ರಾನ್ಸ್‌ಫಾರ್ಮರ್ ಸಮೇತ ಗೊಂಯ್ ಅಂತ ಅಳ್ತಿತ್ತು, ಇದಕ್ಕೆ ಗೊತ್ತೇ ಆಗಲ್ಲ. ಪ್ರಾಮಾಣಿಕವಾಗಿ ಹೇಳ್ಬೇಕು ಅಂದ್ರೆ ಅಲ್ಲಿಗೇ ನಿಲ್ಲಿಸಬಹುದಿತ್ತು, ಸೊಂಟನೋವಿರೋ ಹತ್ತು ಜನ ಕೇಳಿದ್ರೆ ಒಂಬತ್ತು ಜನಕ್ಕೆ ನಾನು ಇಲ್ಲಿಗೇ ನಿಲ್ಲಿಸಿ ಅಂತೀನಿ. ರಿಮೋಟ್ ಬೇಕು, ಟಿವಿಗೆ ಎಚ್‌ಡಿಎಂಐ ಬೇಕು ಅನ್ನೋರಿಗೆ ಅದೇ ಚಿಪ್ಪಿನ ವಿಮ್ ಆಂಪ್ ಇದೆ, ಎರಡು ಕೆಜಿನೂ ಇಲ್ಲ, 8 ಓಮಿಗೆ 60, 4 ಓಮಿಗೆ 120 ವ್ಯಾಟ್ ಅಂತ ಮರ್ಯಾದೆಯಾಗಿ ಬರ್ಕೊಂಡಿದಾರೆ.

ನಾನು ಮಾತ್ರ ನಿಲ್ಲಿಸ್ಲಿಲ್ಲ. ಕಾರಣ ಅರ್ಧ ತಾಂತ್ರಿಕ, ಅರ್ಧ ಆಸೆ. ತಾಂತ್ರಿಕ ಏನಂದ್ರೆ ಇಂಥ ಚಿಪ್ ಆಂಪಲ್ಲಿ ಬಹಳಷ್ಟರಲ್ಲಿ ಆ ಕೊನೇ ಕಾಯಿಲ್ ಫಿಲ್ಟರಿನ ಆಚೆ ಏನಾಗ್ತಿದೆ ಅಂತ ಆಂಪು ತಿರುಗಿ ನೋಡಲ್ಲ, ಹಂಗಾಗಿ ಸ್ಪೀಕರ್ ಎಷ್ಟು ಓಮು ಅನ್ನೋದ್ರ ಮೇಲೆ ಮೇಲಿನ ಟ್ರೆಬಲ್ಲು ಚೂರು ಏರತ್ತೆ ಇಳಿಯತ್ತೆ. ಬೆಲ್ಜಿಯಂನ ಬ್ರೂನೋ ಪುಟ್ಸೇಸ್ ಅನ್ನೋ ಎಂಜಿನಿಯರು ಫಿಲಿಪ್ಸಲ್ಲಿದ್ದಾಗ ಫಿಲ್ಟರ್ ದಾಟಿದ ಮೇಲಿಂದ ಫೀಡ್‌ಬ್ಯಾಕ್ ತಗೊಳ್ಳೋ ಯುಸಿಡಿ ಅನ್ನೋ ವಿಧಾನ ಮಾಡಿದ್ರು, ಆಮೇಲೆ ಹಾಲೆಂಡಿನ ಹೈಪೆಕ್ಸ್ ಕಂಪನೀಲಿ ಎನ್‌ಕೋರ್, ಆಮೇಲೆ ಡೆನ್ಮಾರ್ಕಿನ ಪ್ಯೂರಿಫೈ. ಅವರ ಆಂಪಲ್ಲಿ ಸ್ಪೀಕರ್ ಎಷ್ಟು ಓಮು ಇದ್ರೂ ಟ್ರೆಬಲ್ಲು ಹೆಚ್ಚುಕಮ್ಮಿ ಆಗಲ್ಲ. ನಂಗೆ 54 ವಯಸ್ಸು, ಕಿವಿ 12 ಕಿಲೋಹರ್ಟ್ಸ್ ದಾಟಲ್ಲ, ನಂಗಿದು ಕೇಳತ್ತಾ ಅಂದ್ರೆ ಎದೆ ಮೇಲೆ ಕೈ ಇಟ್ಟು ಹೇಳೋಕಾಗಲ್ಲ. ಅದಕ್ಕೇ ಅಂದಿದ್ದು ಅರ್ಧ ಆಸೆ ಅಂತ.

ಬೆಂಗಳೂರಲ್ಲಿ ನಂಗೆ ಪರಿಚಯದೋರೊಬ್ಬರು ಹವ್ಯಾಸಕ್ಕೆ ಆಂಪ್ ಜೋಡಿಸ್ತಾರೆ, ಅವರ ಹತ್ರ ಹೈಪೆಕ್ಸ್ ಎನ್‌ಸಿ252ಎಂಪಿ ಮಾಡ್ಯೂಲ್ ಹಾಕಿದ ಒಂದು ಆಂಪು ಸಿದ್ಧವಿತ್ತು, 4 ಓಮಿಗೆ ಚಾನೆಲ್ಲಿಗೆ 250 ವ್ಯಾಟು, ಪವರ್ ಸಪ್ಲೈ ಅದೇ ಬೋರ್ಡಲ್ಲಿ. ಅರವತ್ತು ಸಾವಿರದ ಆಸುಪಾಸು ಕೈ ಬಿಡ್ತು. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗೋ ಕೊಕ್ಕೆ ತಕ್ಕಡಿ ಜೇಬಲ್ಲೇ ಇಟ್ಕೊಂಡು ಹೋಗಿದ್ದೆ, ಅವರ ಮುಂದೇನೇ ತೂಗಿದೆ, 3.1 ಕೆಜಿ, ಅವರು ನನ್ನನ್ನ ತರಕಾರಿ ಅಂಗಡೀಗೆ ಬಂದೋನ ಥರ ನೋಡಿದ್ರು. ಸಾಯಂಕಾಲ ಚಾಮುಂಡಿ ಎಕ್ಸ್‌ಪ್ರೆಸ್ಸಲ್ಲಿ ಅದನ್ನ ಕೈಚೀಲದಲ್ಲಿ ತೊಡೆ ಮೇಲಿಟ್ಕೊಂಡು ಮೈಸೂರಿಗೆ ಬಂದೆ. ಪಕ್ಕದೋರು "ಸ್ವೀಟ್ ಬಾಕ್ಸಾ ಸಾರ್?" ಅಂದ್ರು. ಐನೂರು ವ್ಯಾಟಿದೆ ಇದರಲ್ಲಿ ಅಂತ ಹೇಳೋಣ ಅನ್ನಿಸ್ತು, ಬೇಡ, ರೈಲಲ್ಲಿ ಅಂಥ ಮಾತು ಯಾಕೆ ಅಂತ ಸುಮ್ನಾದೆ. ಮದ್ದೂರು ವಡೆ ಬಂದಾಗ ಅದರ ಮೇಲೇ ಪೇಪರ್ ಹಾಸಿ ತಿಂದೆ.

ಅದು ಬರೀ ಪವರ್ ಆಂಪು, ವಾಲ್ಯೂಮ್ ಇರಲ್ಲ, ಮುಂದೆ ರಿಮೋಟಿರೋ ಸಣ್ಣ ಡ್ಯಾಕ್ (ಡಿಜಿಟಲ್ ಹಾಡನ್ನ ಆಂಪಿಗೆ ಬೇಕಾದ ಸಿಗ್ನಲ್ ಮಾಡಿ ಕೊಡೋ ಡಬ್ಬ) ಒಂದು ಹಾಕ್ಬೇಕು. ಮೊದಲ ರಾತ್ರಿ ಡ್ಯಾಕಿನ ವಾಲ್ಯೂಮ್ ಫುಲ್ ಇದೆ ಅಂತ ನೋಡದೇ ಪ್ಲೇ ಒತ್ತಿದೆ, ಇಡೀ ಮನೆ ನಡುಗಿಹೋಯ್ತು, ನಾನು ಕೂತಲ್ಲಿಂದ ಹಾರಿಬಿದ್ದು ಸೊಂಟ ಮತ್ತೆ ಎರಡು ದಿನ ಹಿಡ್ಕೊಳ್ತು. ಹೊಸ ಆಂಪು ಎತ್ತದೇನೇ ನನ್ನ ಸೊಂಟ ಹಿಡಿಸ್ತು ಅಂತ ನಮ್ಮನೆಯವಳು ಊರಿಗೆಲ್ಲ ಹೇಳಿದಾಳೆ. ಈಗ ಆನ್ ಮಾಡೋ ಮುಂಚೆ ವಾಲ್ಯೂಮ್ ಸೊನ್ನೆ ಮಾಡೋದು ಅಭ್ಯಾಸ ಆಗಿದೆ. ರಾತ್ರಿ ಹನ್ನೊಂದಕ್ಕೆ ಬೀದಿ ಎಲ್ಲ ಮಲಗಿದ್ಮೇಲೆ ತಂಬೂರಿ ಒಂದನ್ನೇ ಮೆಲ್ಲಗೆ ಬಿಟ್ಟು ಟ್ವೀಟರ್ ಹತ್ರ ಕಿವಿ ಇಟ್ಟೆ, ಹಳೇದರಲ್ಲಿ ಜೊತೆಗೆ ಸೊಯ್ ಅಂತ ಒಂದು ಕೇಳ್ತಿತ್ತು, ಇದರಲ್ಲಿ ತಂತಿ ಮಾತ್ರ.

ಆದ್ರೆ ಸೊಂಟಕ್ಕೆ ನಿಜವಾಗ್ಲೂ ಉಪಕಾರ ಆಗಿದ್ದು ತೂಕಕ್ಕಿಂತ ಜಾಗ ಬದಲಾಯಿಸಿದ್ದು. ಆಂಪು ಮೂರೇ ಕೆಜಿ ಇರ್ಲಿ, ಟಿವಿ ಸ್ಟ್ಯಾಂಡಿನ ಕೆಳಗಿನ ತಟ್ಟಲ್ಲಿಟ್ರೆ ವೈರ್ ಚುಚ್ಚೋಕೆ ಮತ್ತೆ ಅದೇ ಬಗ್ಗೋದು, ಅದೇ ತಿರುಗೋದು. ಅಮ್ಮನ ಹಳೇ ಹೊಲಿಗೆ ಮಿಷನ್ ಟೇಬಲ್ ಮೂಲೇಲಿ ಬಿದ್ದಿತ್ತು, ಮಿಷನ್ನು ಒಳಗೆ ಮಡಚಿ ಮೇಲೆ ಹಲಗೆ ಮುಚ್ಚಿದ್ರೆ ಒಳ್ಳೇ ಮೇಜು. ಅದನ್ನ ಗೋಡೆಗೆ ಅಡ್ಡ ಹಾಕ್ದೆ, ಆಂಪಿನ ಬೆನ್ನು ಗೋಡೆ ಕಡೆ ಅಲ್ಲ, ಪಕ್ಕಕ್ಕೆ. ಈಗ ನಿಂತ್ಕೊಂಡೇ ಹಿಂದಿನ ಸಾಕೆಟ್ಟೆಲ್ಲ ಕಾಣತ್ತೆ. ಎರಡೂವರೆ ಎಂಎಂ ವೈರನ್ನ ಒಂದೊಂದು ಮೀಟರ್ ಜಾಸ್ತಿನೇ ಬಿಟ್ಟಿದೀನಿ, ತುದೀಗೆ ಎಸ್‌ಪಿ ರೋಡಿನ ಬನಾನಾ ಪ್ಲಗ್ಗು, ಮೊದಲಿನ ಥರ ಕೂತು ವೈರ್ ತಿರುಚಿ ತೂತಿಗೆ ಸೇರಿಸೋ ಕೆಲಸ ಇಲ್ಲ, ಚುಚ್ಚೋದು ಎಳೆಯೋದು. ನೋಡೋಕೆ ಚೆನ್ನಾಗಿಲ್ಲ, ಬಂದವರಿಗೆ ವೈರೇ ಮೊದಲು ಕಾಣೋದು, ಆದ್ರೆ ಎಂಆರ್‌ಐ ಸ್ಕ್ಯಾನ್ ಅದಕ್ಕಿಂತ ಕೆಟ್ಟದಾಗಿ ಕಾಣತ್ತೆ. ಬಾಮೈದ ಬಂದೋನು ಮತ್ತೆ ಟೇಪ್ ಹಿಡಿದ. ಮೇಜಿನ ಎತ್ತರ 76 ಸೆಂಟಿಮೀಟರ್. "ಭಾವ, ನೋಡಿ, ನಮ್ಮ ಫಾರ್ಮುಲಾ ಹೇಳೋ 75 ಇದೇ" ಅಂತ ಅವನಿಗಾದ ಖುಷಿ ಹೇಳತೀರದು.

ಹಳೇದನ್ನ ಏನು ಮಾಡೋದು ಅಂತ ತಿಂಗಳುಗಟ್ಲೆ ಅಲ್ಲೇ ಇತ್ತು, ಯಾರೂ ಎತ್ತೋರಿಲ್ಲ, ಮೇಲೊಂದು ಮನಿಪ್ಲಾಂಟ್ ಬಾಟ್ಲಿ ಬಂದು ಕೂತಿತ್ತು, ಬೆಕ್ಕು ಮಾತ್ರ ಒಂದೆರಡು ದಿನ ಹತ್ತಿ ನೋಡಿ ತಣ್ಣಗಿದೆ ಅಂತ ಇಳಿದುಹೋಯ್ತು. ಕೊನೆಗೆ ಗುಜರಿಯವನು ಹಳೇ ಪೇಪರಿಗೆ ಬಂದಾಗ ನಮ್ಮನೆಯವಳು ಅದನ್ನೂ ತೋರಿಸಿದ್ಲು. ಅವನು ಕೂತ್ಕೊಂಡು, ಮಂಡಿ ಬಗ್ಗಿಸಿ, ಎದೆಗೆ ಒತ್ತಿ ಹಿಡ್ಕೊಂಡು ನೆಟ್ಟಗೆ ಎದ್ದ, ಫಿಸಿಯೋ ಹುಡುಗಿ ನಂಗೆ ಹದಿನೈದು ಸೆಷನ್ನಲ್ಲಿ ಕಲಿಸಿದ್ದನ್ನ. ತಕ್ಕಡಿಗೆ ಹಾಕ್ದ, 18.4. ಮೇಲಿನ ಜಾಲರಿಯಿಂದ ಒಳಗಿನ ಟ್ರಾನ್ಸ್‌ಫಾರ್ಮರ್ ನೋಡಿ ಬೆರಳಲ್ಲಿ ತಟ್ಟಿ, "ಒಳ್ಳೇ ಭಾರ ಇದೆ ಸಾರ್, ತಾಮ್ರ ಜಾಸ್ತಿ ಇದೆ, ಒಳ್ಳೇ ಮಾಲು" ಅಂದ.